ಬರೆದಿಡದ ನಂಬರು

ಮಳೆಗಾಲ ಹತ್ತಿರವಾಗುವ, ಪತ್ತನಾಜೆಗೆ ಮುಂಚಿನ ಸಂಜೆಗಳಲ್ಲಿ ಗುಡುಗು ಕೇಳಿದೊಡನೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸೈಬರ್ ಅಂಗಡಿಗಳಲ್ಲಿ ಕರೆಂಟಿನ ಪ್ಲಗ್ ತೆಗೆಯುತ್ತಾರೆ. ಲ್ಯಾನ್ ವೈರನ್ನು ಹಾಗೇ ಬಿಡುತ್ತಾರೆ. ಅದೂ ತಾಮ್ರವೇ, ಸಿಡಿಲಿನ ಹೊಡೆತ ಅದರೊಳಗಿಂದಲೂ ಹರಿದು ರೂಟರನ್ನೋ ಕಂಪ್ಯೂಟರಿನ ಪೋರ್ಟನ್ನೋ ಸುಡಬಲ್ಲದು.

ಮರುದಿನ ಹೊಸ ರೂಟರ್ ಬರುತ್ತದೆ. ಹಳೆಯದರ ವಿಳಾಸ 192.168.1.1 ಆಗಿತ್ತು, ಹೊಸದರದು 192.168.0.1. ಪೋರ್ಟಿನ ದೀಪ ಮಿನುಗುತ್ತದೆ, ನೆಟ್ ಬರುವುದಿಲ್ಲ. ಪಹಣಿ ಪ್ರತಿಗೆ ಬಂದವರು ಬೆಂಚಿನ ಮೇಲೆ ಕಾಯುತ್ತಾರೆ. ಪ್ರತಿ ಕಂಪ್ಯೂಟರಿಗೂ ಯಾರೋ ಎಂದೋ ಐಪಿ, ಸಬ್‌ನೆಟ್ ಮಾಸ್ಕ್, ಗೇಟ್‌ವೇ ಎಲ್ಲವನ್ನೂ ಕೈಯಿಂದಲೇ ತುಂಬಿ ಹೋಗಿರುವುದು ಕಾರಣ. ಗೇಟ್‌ವೇ ಎಂದರೆ ತೋಟದ ತಡಮೆ ಇದ್ದಂತೆ. ತಡಮೆ ಬೇರೆಡೆಗೆ ಹೋದರೂ ಕಂಪ್ಯೂಟರು ಹಳೆಯ ಜಾಗಕ್ಕೇ ಹೋಗಿ ಬೇಲಿ ಮುಟ್ಟಿ ನಿಲ್ಲುತ್ತದೆ.

ಹೀಗೆ ನಂಬರ್ ತುಂಬುವ ರೂಢಿಗೆ ಒಂದು ಕಾಲದಲ್ಲಿ ಅರ್ಥವಿತ್ತು. ರೂಟರೇ ಇಲ್ಲದೆ ಒಂದು ಸ್ವಿಚ್ಚಿಗೆ ನಾಲ್ಕು ಕಂಪ್ಯೂಟರ್ ಜೋಡಿಸಿದಾಗ ನಂಬರ್ ಕೊಡಲು ಮನುಷ್ಯನೇ ಬೇಕಿತ್ತು. ಈಗ ಆ ಕೆಲಸವನ್ನು ರೂಟರಿನೊಳಗಿನ ಡಿಎಚ್‌ಸಿಪಿ ಮಾಡುತ್ತದೆ. 1993ರಲ್ಲಿ ಬಂದ ಈ ನಿಯಮ 1997ರಲ್ಲಿ ಇಂದಿನ ರೂಪಕ್ಕೆ ಬಂತು. ಧರ್ಮಸ್ಥಳದ ಅನ್ನಛತ್ರದಲ್ಲಿ ಯಾರಿಗೂ ಕಾಯಂ ಜಾಗವಿಲ್ಲ, ಖಾಲಿ ಇದ್ದಲ್ಲಿ ಕೂರುತ್ತೇವೆ. ಡಿಎಚ್‌ಸಿಪಿಯೂ ಹಾಗೆ, ಖಾಲಿ ಇರುವ ನಂಬರನ್ನು ಒಂದು ಅವಧಿಗೆ ಕೊಡುತ್ತದೆ. ಇಬ್ಬರಿಗೆ ಒಂದೇ ನಂಬರ್ ಬಿದ್ದು ಜಗಳವಾಗುವ ಪ್ರಮೇಯವೂ ಕಡಿಮೆ. ಸೈಬರ್ ಅಂಗಡಿಯ ಸಾಲು ಕಂಪ್ಯೂಟರುಗಳಿಗೆ 'ಆಟೋಮ್ಯಾಟಿಕ್' ಎಂಬ ಆಯ್ಕೆಯೇ ಸರಿ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಪ್ರಿಂಟರಿನ ಮಾತು ಬೇರೆ. ಅದರ ನಂಬರ್ ಬದಲಾದರೆ ಕಳಿಸಿದ ಕಾಗದ ಎಲ್ಲಿಗೂ ತಲುಪುವುದಿಲ್ಲ. ಅದಕ್ಕೆ ಸ್ಥಿರ ನಂಬರ್ ಬೇಕು. ರೂಟರಿನಲ್ಲೇ ಕಾದಿರಿಸುವುದು ಒಳ್ಳೆಯದು. ಆದರೆ ರೂಟರ್ ಸುಟ್ಟರೆ ಆ ಕಾದಿರಿಸುವಿಕೆಯೂ ಅದರೊಂದಿಗೇ ಹೋಗುತ್ತದೆ. ಹಾಗಾಗಿ ಈ ರೂಢಿಯಲ್ಲಿ ನನಗೆ ನೋವಾಗುವುದು ನಂಬರ್ ಹಾಕಿದ್ದಕ್ಕಲ್ಲ, ಬರೆದಿಡದೆ ಹೋದದ್ದಕ್ಕೆ. ಕೌಂಟರಿನಲ್ಲಿ ಕೂತ ಹುಡುಗಿ ದಿನಕ್ಕೆ ಹತ್ತಾರು ಅರ್ಜಿ ತುಂಬುವವಳು, ನಾಲ್ಕು ನಂಬರ್ ತುಂಬಲಾರಳೇ? ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೆ. ಗೋಡೆಯ ಕ್ಯಾಲೆಂಡರಿನ ಹಿಂದೆ ಹಳೆಯ ರೂಟರಿನ ವಿಳಾಸ ಕನ್ನಡದಲ್ಲಿ ಬರೆದಿದ್ದರೆ, ಹೊಸದಕ್ಕೂ ಅದೇ ವಿಳಾಸ ಕೊಟ್ಟು, ಬೆಂಚಿನ ಮೇಲಿದ್ದವರಿಗೆ ಆ ಬೆಳಿಗ್ಗೆಯೇ ಪಹಣಿ ಕೊಟ್ಟು ಕಳಿಸಬಹುದಿತ್ತು.