ಸಿಡ್ನಿಯ ನಾಟ್ಯಗೃಹವೂ ಭರತಮುನಿಯ ಅಳತೆಯೂ

ಆಸ್ಟ್ರೇಲಿಯಾದ ಸಿಡ್ನಿ ಬಂದರಿನಲ್ಲಿ ಹಾಯಿ ಬಿಚ್ಚಿದ ನೌಕೆಯಂತೆ ನಿಂತಿರುವ ಆಪೆರಾ ಮಂದಿರವನ್ನು ಚಿತ್ರದಲ್ಲಾದರೂ ಕಾಣದ ವಾಚಕರು ವಿರಳ. 2007ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಆದರೆ ನಾಟ್ಯಗೃಹವು ಒಳಗೆ ಕುಳಿತವನ ಕಿವಿಗೆ ಉತ್ತರ ಹೇಳಬೇಕಷ್ಟೆ. ಆ ಪರೀಕ್ಷೆಯಲ್ಲಿ ಅದರ ಗತಿ ಏನಾಯಿತೆಂಬುದನ್ನು ಇಲ್ಲಿ ವಿಚಾರಿಸುವೆನು.

ಡೆನ್ಮಾರ್ಕಿನ ಶಿಲ್ಪಿ ಯೋರ್ನ್ ಉಟ್ಸನ್ನರ ರೇಖಾಚಿತ್ರವು 1957ರ ಸ್ಪರ್ಧೆಯಲ್ಲಿ ಗೆದ್ದಿತು. ಅದರಲ್ಲಿದ್ದ ಚಿಪ್ಪಿನಾಕಾರದ ಛಾವಣಿಗಳನ್ನು ಕಟ್ಟುವ ಬಗೆ ಮಾತ್ರ ಆಗ ಯಾರಿಗೂ ತಿಳಿದಿರಲಿಲ್ಲ. 1959ರಲ್ಲಿ ಕೆಲಸವೇನೋ ಮೊದಲಾಯಿತು. ಎಲ್ಲ ಚಿಪ್ಪುಗಳನ್ನೂ ಒಂದೇ ಗೋಳದ ಮೈಯಿಂದ ಕೊಯ್ದಂತೆ ಭಾವಿಸಿದರೆ, ಅಚ್ಚಿನಲ್ಲಿ ಎರಕ ಹೊಯ್ದ ತುಂಡುಗಳಿಂದ ಜೋಡಿಸಬಹುದೆಂಬ ಉಪಾಯವು 1961ರಲ್ಲಿ ಹೊಳೆಯಿತು. ಕಿತ್ತಳೆಯ ಸಿಪ್ಪೆಯನ್ನು ನೆನೆದರೆ ವಿಷಯ ಸ್ಪಷ್ಟವಾದೀತು. ಮೇಲೆ ಸ್ವೀಡನ್ನಿನಲ್ಲಿ ಸುಟ್ಟ ಹತ್ತು ಲಕ್ಷಕ್ಕೂ ಮಿಕ್ಕ ಬಿಲ್ಲೆಗಳು. ಇದು ಪ್ರತಿಭೆಯೇ ಸರಿ, ನಾನು ತಲೆಬಾಗುತ್ತೇನೆ.

ತೊಡಕಿರುವುದು ಒಳಗೆ. ದೊಡ್ಡ ಸಭಾಂಗಣದಲ್ಲಿ ಗೀತನಾಟಕವೂ ವಾದ್ಯಗೋಷ್ಠಿಯೂ ನಡೆಯಬೇಕೆಂಬುದು ಮೂಲಸಂಕಲ್ಪ. 1966ರಲ್ಲಿ ಸರಕಾರದೊಡನೆ ವಿರಸವುಂಟಾಗಿ ಉಟ್ಸನ್ನರು ಹೊರಟುಹೋದರು. ಮರುವರ್ಷ ಆ ಅಂಗಣವನ್ನು ವಾದ್ಯಗೋಷ್ಠಿಗೇ ಮೀಸಲಿಟ್ಟು, ಗೀತನಾಟಕವನ್ನು ಚಿಕ್ಕದಕ್ಕೆ ದಬ್ಬಿದರು. ಯಾವ ಕಲೆಯ ಹೆಸರನ್ನು ಮಂದಿರವು ಹೊತ್ತಿದೆಯೋ ಆ ಕಲೆಗೇ ಅಲ್ಲಿ ಕಿರುಮನೆ! ಅದರ ವಾದಕರು ಕೂಡುವ ತಗ್ಗಂತೂ ಬಲು ಇಕ್ಕಟ್ಟು. 1973ರಲ್ಲಿ ಬಾಗಿಲು ತೆರೆಯುವ ಹೊತ್ತಿಗೆ 70 ಲಕ್ಷ ಡಾಲರಿನ ಅಂದಾಜು 10 ಕೋಟಿಯನ್ನು ಮೀರಿತ್ತು. ದೊಡ್ಡ ಅಂಗಣದಲ್ಲಿ 2,600ಕ್ಕೆ ಮಿಕ್ಕ ಆಸನಗಳು. ಛಾವಣಿ ಬಹಳ ಎತ್ತರ. ನಾದವು ಮೇಲೇರಿ ಚದುರುವುದರಿಂದ ರಂಗದ ಮೇಲೆ ಪಾರದರ್ಶಕ ಬಳೆಗಳನ್ನು ತೂಗಿಸಿದರು. ಅದೂ ಸಾಲದೆ 2020ರಲ್ಲಿ ಅಂಗಣವನ್ನು ಮುಚ್ಚಿ, ರಂಗವನ್ನು ತಗ್ಗಿಸಿ, ಹೊಸ ನಾದಫಲಕಗಳನ್ನಿಟ್ಟು 2022ರಲ್ಲಿ ಮತ್ತೆ ತೆರೆದರು. ಕಣ್ಣಿಗೆ ಮೊದಲ ದಿನವೇ ದೊರೆತದ್ದಕ್ಕಾಗಿ ಕಿವಿಯು ಅರ್ಧಶತಮಾನ ಕಾದಿತು.

ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವನ್ನು ಇದರೊಡನೆ ಹೋಲಿಸಿ ನೋಡಬೇಕು. ಮರ್ತ್ಯರಿಗಾಗಿ ಕಟ್ಟುವ ಮಂಟಪವು 64 ಹಸ್ತ ಉದ್ದ, 32 ಹಸ್ತ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು 96 ಅಡಿ, 48 ಅಡಿ. ಇದನ್ನು ಮೀರಿದರೆ ಪಾಠ್ಯವು ವಿಸ್ವರವಾಗುವುದು, ಮುಖದ ಭಾವವು ಅವ್ಯಕ್ತವಾಗುವುದು ಎಂದು ಮುನಿಯು ಕಾರಣವನ್ನೂ ಕೊಡುತ್ತಾನೆ. ಮಂಟಪವು ಶೈಲಗುಹೆಯಂತಿರಲಿ, ಕಿಟಕಿಗಳು ಸಣ್ಣವಿರಲಿ, ಗಾಳಿ ನುಗ್ಗದಿರಲಿ, ಧ್ವನಿಯು ಗಂಭೀರವಾಗಲಿ ಎನ್ನುತ್ತಾನೆ. ನೂರು ಮಂದಿ ವಾದಕರ ಮೇಳಕ್ಕೆ ಆ ಅಳತೆ ಸಾಲದೆಂದು ಆಕ್ಷೇಪಿಸುವವರುಂಟು. ಒಪ್ಪಿದೆ, ನಾನು ಎತ್ತಿಹಿಡಿಯುವುದು ಅಳತೆಯನ್ನಲ್ಲ, ಆ ಕ್ರಮವನ್ನು. ಅಲ್ಲಿ ನಟನ ಕಂಠದಿಂದ ಗೋಡೆಯು ಹುಟ್ಟಿತು; ಸಿಡ್ನಿಯಲ್ಲಿ ಛಾವಣಿ ಮುಗಿಯುತ್ತ ಬಂದ ಮೇಲೆ ಕಂಠಕ್ಕೆ ಸ್ಥಳ ಹುಡುಕಿದರು. (ನಮ್ಮ ಊರುಗಳ ಪುರಭವನಗಳಲ್ಲಿ ಧ್ವನಿವರ್ಧಕವಿದೆಯೆಂಬ ಧೈರ್ಯದಿಂದ ಇಷ್ಟು ಚಿಂತೆಯನ್ನೂ ಮಾಡುವುದಿಲ್ಲ.)

ದೋಷವೆಲ್ಲವೂ ಶಿಲ್ಪಿಯದೆನ್ನಲು ನನ್ನ ಮನಸ್ಸೊಪ್ಪದು. ಒಳಾಂಗಣವನ್ನು ತಾನೇ ಮುಗಿಸುವ ಅವಕಾಶವು ಆತನಿಗೆ ದೊರೆಯಲಿಲ್ಲ. 1999ರಲ್ಲಿ ಆತನೊಡನೆ ಮತ್ತೆ ಸಂಧಾನವಾಯಿತು. ಆತನ ಕಲ್ಪನೆಯಂತೆ ಒಂದು ಕೊಠಡಿಯು 2004ರಲ್ಲಿ ಸಿದ್ಧವಾಯಿತು. ಗೋಡೆಗೆ ಆತನೇ ರಚಿಸಿಕೊಟ್ಟ ದೊಡ್ಡ ನೇಯ್ಗೆಯ ಚಿತ್ರ. ಅದಕ್ಕೆ ಪ್ರೇರಣೆ ಒಬ್ಬ ಜರ್ಮನ್ ವಾಗ್ಗೇಯಕಾರನ ಸಂಗೀತ. ಪೂರ್ಣಗೊಂಡ ಮಂದಿರವನ್ನು ಒಮ್ಮೆಯೂ ಕಾಣದೆ ಉಟ್ಸನ್ನರು 2008ರಲ್ಲಿ ತೀರಿಕೊಂಡರು. ಚಿಕ್ಕ ಗೋಷ್ಠಿಗಳು ಈಗಲೂ ಆ ಕೊಠಡಿಯಲ್ಲಿ ನಡೆಯುತ್ತವೆ.