ಕಿವಿಗೆ ಕೂಲಿ ಇಲ್ಲದ ಗ್ಯಾರೇಜು

ಗೇರ್‌ಬಾಕ್ಸಿನ ಸದ್ದು ಕೇಳಿ ಕಾಯಿಲೆ ಹೇಳುವುದು ನಮ್ಮ ಲಾರಿ ಗ್ಯಾರೇಜುಗಳ ಬಲು ದೊಡ್ಡ ವಿದ್ಯೆ. ಆ ವಿದ್ಯೆಗೆ ಬಿಲ್ಲಿನಲ್ಲಿ ಒಂದು ಸಾಲಿನ ಜಾಗವೂ ಇಲ್ಲ. ಬಿಚ್ಚಿದರೆ ಮಾತ್ರ ದುಡ್ಡು. ಹಾಗಾಗಿ ಬಿಚ್ಚುವ ಅವಸರ.

ಕಳೆದ ಬೇಸಿಗೆಯಲ್ಲಿ ನಮ್ಮ ಆರು ಚಕ್ರದ ಲಾರಿ ನಲವತ್ತರ ವೇಗ ದಾಟಿದೊಡನೆ ಗೇರ್ ಲಿವರಿನ ಬುಡದಿಂದ ಊಳಿಡತೊಡಗಿತು. ಹೆದ್ದಾರಿ ಬದಿಯ ಗ್ಯಾರೇಜೊಂದರಲ್ಲಿ ನಿಲ್ಲಿಸಿದೆವು. ಎಂಜಿನ್ ಚಾಲೂ ಮಾಡಿಸಿ, ಎರಡು ಸಲ ರೇಸ್ ಕೊಡಿಸಿ, "ಬಾಕ್ಸ್ ಇಳಿಸ್ಬೇಕು, ಫುಲ್ ಕೆಲಸ, 45 ಸಾವಿರ" ಅಂದುಬಿಟ್ಟರು. ಓಡಿಸಿ ನೋಡುವ ಮಾತೇ ಬರಲಿಲ್ಲ. ನಿಂತ ಗಾಡಿಯಲ್ಲಿ ಆ ಸದ್ದು ಇರಲೇ ಇಲ್ಲ.

ದಾವಣಗೆರೆಯ ಹಿರಿಯ ಮೇಸ್ತ್ರಿಯೊಬ್ಬರ ಕ್ರಮವೇ ಬೇರೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಬಿಟ್ಟು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್‌ಬಾಕ್ಸಿನ ಮೈಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿಕೊಂಡರು. "ಕ್ಲಚ್ ಒತ್ರಿ... ಬಿಡ್ರಿ... ಇನ್ನೊಂದ್ಸಲ." ಕ್ಲಚ್ ಬಿಟ್ಟಿದ್ದಾಗ ನ್ಯೂಟ್ರಲ್‌ನಲ್ಲೂ ಕ್ಲಚ್ ಶಾಫ್ಟು, ಕೌಂಟರ್ ಶಾಫ್ಟು ತಿರುಗುತ್ತಲೇ ಇರುತ್ತವೆ, ಒತ್ತಿದರೆ ನಿಲ್ಲುತ್ತವೆ. ಒತ್ತಿದಾಗ ಅಡಗುವ ಸದ್ದಿದ್ದರೆ ಆ ಶಾಫ್ಟುಗಳ ಬೇರಿಂಗ್ ನೋಡಬೇಕು. ಒತ್ತಿದಾಗಲೇ ಹುಟ್ಟುವ ಸದ್ದಾದರೆ ಗುಮಾನಿ ರಿಲೀಸ್ ಬೇರಿಂಗಿನ ಮೇಲೆ. ಓಡುವಾಗ ಒಂದೇ ಗೇರಿನಲ್ಲಿ ಕೂಗಿದರೆ ಆ ಗೇರಿನ ಹಲ್ಲು ಸವೆದಿರಬಹುದು. ನಮ್ಮ ಐದು ಗೇರಿನ ಬಾಕ್ಸಿನಲ್ಲಿ ಟಾಪ್ ಗೇರು ನೇರ, ಅದರಲ್ಲಿ ಕೌಂಟರ್ ಶಾಫ್ಟಿನ ಮೇಲೆ ಎಳೆತ ಬೀಳುವುದಿಲ್ಲ. ಕೆಳಗಿನ ಗೇರುಗಳಲ್ಲೆಲ್ಲ ಕೂಗಿ ಟಾಪಿಗೆ ಹಾಕಿದೊಡನೆ ತಣ್ಣಗಾಗುವ ಲಾರಿಯಲ್ಲಿ ಕೌಂಟರ್ ಶಾಫ್ಟಿನ ಬೇರಿಂಗನ್ನೇ ಹಿಡಿಯಬೇಕು.

ನಮ್ಮದು ಇದ್ಯಾವುದೂ ಅಲ್ಲ. ಸಮತಟ್ಟಾದ ಖಾಲಿ ರಸ್ತೆಯಲ್ಲಿ ವೇಗ ಹಿಡಿಸಿ ನ್ಯೂಟ್ರಲ್‌ಗೆ ತಂದರೂ (ಘಾಟಿಯಲ್ಲಿ ಇದನ್ನು ಯಾರೂ ಮಾಡಕೂಡದು) ಊಳು ನಿಲ್ಲಲಿಲ್ಲ. ಗಾಡಿ ನಿಧಾನವಾದಂತೆ ತಾನೂ ಇಳಿಯಿತು. ಮೇಸ್ತ್ರಿ ಕೆಳಗೆ ನುಸುಳಿ ಪ್ರೊಪೆಲ್ಲರ್ ಶಾಫ್ಟನ್ನು ನಡುವಿನಲ್ಲಿ ಹಿಡಿದು ಮೇಲಕ್ಕೆತ್ತಿದರು. ಕಟಕ್ ಎಂದಿತು. ಸೆಂಟರ್ ಬೇರಿಂಗ್ ಹೋಗಿತ್ತು. ಅಷ್ಟಕ್ಕೇ ಬಿಡದೆ ಗೇರ್‌ಬಾಕ್ಸಿನ ಡ್ರೈನ್ ಪ್ಲಗ್ಗನ್ನೂ ಬಿಚ್ಚಿ ನೋಡಿದರು. ಅದರ ಅಯಸ್ಕಾಂತಕ್ಕೆ ಕಾಡಿಗೆಯಂಥ ನುಣುಪು ಕಪ್ಪು ಅಂಟಿತ್ತು, ಅದು ಸಹಜ ಸವೆತ. ಬೆರಳಲ್ಲಿ ತಿಕ್ಕಿದರು, ಒಂದೂ ಚೂರು ಸಿಗಲಿಲ್ಲ. ಬಾಕ್ಸ್ ಇಳಿಸಬೇಕೆಂದವರು ನೋಡಬೇಕಾಗಿದ್ದುದು ಆ ಬೆರಳ ತುದಿಯನ್ನು.

ದೊಡ್ಡ ಬಿಲ್ಲೆಲ್ಲ ಮೋಸ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಲಾರಿಯ ಗೇರ್‌ಬಾಕ್ಸ್ ಇಳಿಸಿ ಏರಿಸುವುದು ಮೈಮುರಿಯುವ ಕೆಲಸ. ನಿಜವಾಗಿಯೂ ಇಳಿಸಲೇಬೇಕಾಗಿ ಬಂದಾಗ ಸವೆದ ಕ್ಲಚ್ ಪ್ಲೇಟು, ರಿಲೀಸ್ ಬೇರಿಂಗು, ಆಯಿಲ್ ಸೀಲು ಜೊತೆಗೇ ಬದಲಿಸೋಣ ಎನ್ನುವ ಮೇಸ್ತ್ರಿ ಮಾಲೀಕನ ಪರವಾಗಿಯೇ ಮಾತಾಡುತ್ತಿದ್ದಾನೆ. ಆರು ತಿಂಗಳಿಗೆ ಮತ್ತೆ ಅದೇ ಕೂಲಿ ತೆರುವುದು ತಪ್ಪುತ್ತದೆ. ನನ್ನ ತಕರಾರು 'ಫುಲ್ ಕೆಲಸ' ಎಂಬ ಎರಡು ಪದಗಳ ಬಗ್ಗೆ. ಯಾವ ಬೇರಿಂಗು, ಯಾವ ಕಂಪನಿಯದು, ಕೂಲಿ ಎಷ್ಟು, ಹಳೆಯ ಸಾಮಾನು ಎಲ್ಲಿ ಎಂಬುದೆಲ್ಲ ಅದರಡಿ ಮುಚ್ಚಿಹೋಗುತ್ತದೆ. ಕಂಪನಿ ಸರ್ವೀಸ್ ಸೆಂಟರುಗಳಲ್ಲಿ ಬಿಲ್ಲೇನೋ ಸಾಲುಸಾಲಾಗಿ ಬರುತ್ತದೆ, ಆದರೆ ಒಂದು ಬೇರಿಂಗಿನಲ್ಲಿ ಮುಗಿಯುವಲ್ಲಿ ಇಡೀ ಸೆಟ್ ಹಾಕಿದ್ದನ್ನು ನೋಡಿದ್ದೇನೆ. ತಾನೇ ದುಡಿದು ಹೊಟ್ಟೆ ಹೊರೆಯುವ ಒಂದೇ ಲಾರಿಯ ಮಾಲೀಕನನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಗ್ರಾಹಕನೆಂದೇ ಕಾಣುತ್ತದೆ. ಅವನ ಕೈಯಲ್ಲಿರುವುದು ಒಂದು ಮೊತ್ತ ಗೀಚಿದ ಚೀಟಿಯಾದರೆ ಆಯೋಗದ ಮುಂದೆ ಏನನ್ನು ಇಡುವುದು?

ಆ ಹಿರಿಯರು ಬೇರಿಂಗಿನ ದುಡ್ಡು, ಕೂರಿಸಿದ ಕೂಲಿ, ಎರಡನ್ನೇ ಬರೆದರು. ಒಂದು ತಾಸು ಕೇಳಿದ್ದಕ್ಕೆ, ಓಡಿಸಿ ನೋಡಿದ್ದಕ್ಕೆ ಏನೂ ಇಲ್ಲ. ಕೇಳಿದರೆ "ಕಿವಿಗ್ಯಾಕ್ ರೊಕ್ಕ ಬಿಡ್ರಿ" ಅಂದರು. ಈ ಔದಾರ್ಯ ನನಗೆ ಸರಿಕಾಣಲಿಲ್ಲ. ನಮ್ಮ ಹತ್ತಾರು ಸಾವಿರ ಉಳಿಸಿದ್ದು ಆ ಕಿವಿ. ಅದಕ್ಕೆ ಬೆಲೆ ಕಟ್ಟದಿದ್ದರೆ ಅವರ ಬಳಿ ಕೆಲಸ ಕಲಿಯುವ ಹುಡುಗ ಸ್ಪ್ಯಾನರ್ ತಿರುಗಿಸುವುದನ್ನಷ್ಟೇ ಕಲಿಯುತ್ತಾನೆ. ಚೀಟಿ ಇಸಿದುಕೊಂಡು ಮೇಲಿನ ಸಾಲಿನಲ್ಲಿ 'ಪರೀಕ್ಷೆ: 500' ಎಂದು ನಾನೇ ಬರೆದು, ಮೊತ್ತ ತಿದ್ದಿ, ಅವರ ಕೈಗೆ ಕೊಟ್ಟೆ.