ಅನುವಾದದಲ್ಲಿ ಕಾಣೆಯಾದ ಬೀದಿ

ಜಪಾನಿನ ಸೆಗಾ ಕಂಪೆನಿಯ 'ರ್‍ಯೂ ಗಾ ಗೊತೊಕು' ವಿಡಿಯೋ ಆಟಗಳ ಸರಣಿ 2005ರಲ್ಲಿ ಆರಂಭವಾಯಿತು. ಹೊರದೇಶಗಳಲ್ಲಿ ಅದಕ್ಕೆ ಬಹುಕಾಲ 'ಯಾಕುಜಾ' ಎಂಬ ಹೆಸರಿತ್ತು. ಟೋಕಿಯೋದ ಕಬುಕಿಚೋವನ್ನು ಹೋಲುವ ಕಾಮುರೋಚೋ ಎಂಬ ಕಲ್ಪಿತ ಪೇಟೆಯೇ ಅದರ ಮುಖ್ಯ ರಂಗಸ್ಥಳ.

2009ರ ಮೂರನೆಯ ಆಟದಲ್ಲಿ ನಾಯಕ ಕಿರ್ಯೂ ಭೂಗತಲೋಕವನ್ನು ತೊರೆದು ಒಕಿನಾವಾದಲ್ಲಿ ಅನಾಥಾಲಯ ನಡೆಸುತ್ತಾನೆ. ಮರುವರ್ಷ ಅದು ಇಂಗ್ಲಿಷಿನಲ್ಲಿ ಬಂದಾಗ ಜಪಾನೀ ಚದುರಂಗವಾದ ಶೋಗಿ, ಮಾಹ್‌ಜಾಂಗ್, ರಸಪ್ರಶ್ನೆ, ಹಲವು ಉಪಕತೆಗಳು ಕಾಣೆಯಾಗಿದ್ದವು. ಇಂಥವು ಹೊರಗಿನವರಿಗೆ ಅರ್ಥವಾಗವೆಂಬುದು ಕಂಪೆನಿಯ ಒಂದು ಸಮಜಾಯಿಷಿ. ಅಭಿಮಾನಿಗಳು ಸಿಟ್ಟಾದರು. ಮುಖ್ಯ ಕತೆ ಉಳಿದಿದೆಯಲ್ಲ ಎಂದವರೂ ಇದ್ದರು.

ಈ ಸಮಾಧಾನವನ್ನು ನಾನು ಒಪ್ಪಲಾರೆ. ಕೊಲೆ, ಸಂಚು, ಸೇಡು ಯಾವ ದೇಶದ ಅಪರಾಧಕತೆಯಲ್ಲೂ ಸಿಗುತ್ತವೆ. ಬೀದಿಯಲ್ಲಿ ಹೊಡೆದಾಡಿದವನು ಮರುಗಳಿಗೆಯಲ್ಲಿ ಶೋಗಿ ಮಣೆಯ ಮುಂದೆ ಕುಳಿತಾಗಲೇ ಆ ಊರಿನವನಾಗುತ್ತಾನೆ. ತಾಳಮದ್ದಳೆಯಲ್ಲಿ ವಾದವನ್ನು ಬಿಟ್ಟು ಕಥಾಸಾರವನ್ನಷ್ಟೇ ಹೇಳಿದರೆ ಕೇಳುಗನಿಗೆ ಉಳಿಯುವುದೇನು?

2019ರ ಹೊಸ ಇಂಗ್ಲಿಷ್ ಆವೃತ್ತಿಯಲ್ಲಿ ಶೋಗಿ, ಮಾಹ್‌ಜಾಂಗ್‌ಗಳು ಮರಳಿದವು. ಅಭಿಮಾನಿಗಳ ಹಟ ಬರಿಯ ಹುಚ್ಚಾಗಿರಲಿಲ್ಲ. ಕನ್ನಡ, ಮಲಯಾಳಗಳ ನಡುವೆ ದಿನವೂ ಓಡಾಡುವ ನಮಗೆ ಇದು ಹೊರಗಿನ ಸುದ್ದಿಯಲ್ಲ. ನಮ್ಮ ಕತೆಗಳು ಗಡಿ ದಾಟುವಾಗಲೂ 'ಅವರಿಗೆ ತಿಳಿಯದು' ಎಂಬ ನೆಪದಲ್ಲಿ ಮೊದಲು ಬಿದ್ದುಹೋಗುವುದು ಊಟ, ಆಟ, ಬೈಗುಳ. ಅನುವಾದಕರು ಅವನ್ನು ಉಳಿಸಲಿ. ತಿಳಿಯದ್ದನ್ನು ಓದುಗರು ಕೇಳಿ ತಿಳಿದಾರು.